ಹಳೆಯ ಕಂಪ್ಯೂಟರಿನ ಬಯಾಸ್ ವಿಚಾರ

ವಿದ್ಯುತ್ತಿನ ಗುಂಡಿಯನ್ನೊತ್ತಿದ ಕ್ಷಣದಿಂದ ವಿಂಡೋಸೋ ಲಿನಕ್ಸೋ ಪರದೆಯ ಮೇಲೆ ಮೂಡುವವರೆಗಿನ ಅಲ್ಪಾವಧಿಯಲ್ಲಿ ಹಳೆಯ ಕಂಪ್ಯೂಟರಿನ ಸಮಸ್ತ ಆಡಳಿತವೂ ಮದರ್‌ಬೋರ್ಡಿನ ಪುಟ್ಟ ಚಿಪ್ಪೊಂದರಲ್ಲಿ ನೆಲಸಿರುವ ಬಯಾಸಿನ ಅಧೀನದಲ್ಲಿರುತ್ತದೆ. ಮೆಮೊರಿಯನ್ನು ಪರೀಕ್ಷಿಸಿ, ಹಾರ್ಡ್‌ಡಿಸ್ಕನ್ನು ಗುರುತಿಸಿ, ಮುಂದಿನ ಕಾರ್ಯಭಾರವನ್ನು ಆಪರೇಟಿಂಗ್ ಸಿಸ್ಟಮ್ಮಿಗೆ ಒಪ್ಪಿಸುವುದು ಅದರ ಕರ್ತವ್ಯ. 1984ರಲ್ಲಿ ಐಬಿಎಂ ಸಂಸ್ಥೆಯು ಪಿಸಿ ಎಟಿ ಯಂತ್ರವನ್ನು ಹೊರತಂದಾಗ, ಅದುವರೆಗೆ ಬೋರ್ಡಿನ ಮೇಲಿನ ಸಣ್ಣ ಸ್ವಿಚ್ಚುಗಳಿಂದ ಸೂಚಿಸಬೇಕಾಗಿದ್ದ ಹಲವು ಸಂಗತಿಗಳು ಗಡಿಯಾರದೊಡನೆ ಕೂಡಿಕೊಂಡ 64 ಬೈಟುಗಳ ಸಿಮಾಸ್ ಸ್ಮೃತಿಗೆ ವರ್ಗಾವಣೆಗೊಂಡುವು. ಯಂತ್ರ ಆರಿದಾಗ ಆ ಸ್ಮೃತಿಯನ್ನು ಕಾಯುವುದು ಒಂದು ಬ್ಯಾಟರಿ.

ಆದಕಾರಣ ಹಳೆಯ ಯಂತ್ರದಲ್ಲಿ ಮೊದಲು ನೋಡತಕ್ಕದ್ದು ಆ ಬ್ಯಾಟರಿಯನ್ನೇ. ದಿನಾಂಕವು ಪದೇ ಪದೇ ಹಿಂದಕ್ಕೆ ಹೋಗುತ್ತಿದ್ದರೆ, ಚೆಕ್‌ಸಮ್ ದೋಷವೆಂಬ ಸೂಚನೆ ಕಾಣುತ್ತಿದ್ದರೆ, ಮೂರು ವೋಲ್ಟಿನ ಸಿಆರ್ 2032 ಬಿಲ್ಲೆಯನ್ನು ಬದಲಿಸದೆ ಬೇರೆ ಯಾವ ತಿದ್ದುಪಡಿಯನ್ನು ಮಾಡಿದರೂ ಅದು ನಿಲ್ಲದು.

ಡಿಲೀಟ್ ಅಥವಾ ಎಫ್2 ಕೀಲಿಯಿಂದ ಬಯಾಸಿನ ಸೆಟಪ್ ಪುಟಗಳನ್ನು ಪ್ರವೇಶಿಸಿದವರನ್ನು ಹೆಚ್ಚಾಗಿ ಆಕರ್ಷಿಸುವುದು ಅವಾರ್ಡ್ ಬಯಾಸಿನ ನೀಲಿ ಪರದೆಯಲ್ಲಿ ಅಡ್ವಾನ್ಸ್‌ಡ್ ಚಿಪ್‌ಸೆಟ್ ಫೀಚರ್ಸ್ ಎಂಬ ಸಾಲು. ಅಲ್ಲಿ ಮೆಮೊರಿಯ ಕ್ಯಾಸ್ ಲೇಟೆನ್ಸಿ, ಅಂದರೆ ಕೇಳಿದ ಮಾಹಿತಿಯನ್ನು ಕೊಡಲು ಮೆಮೊರಿ ತೆಗೆದುಕೊಳ್ಳುವ ಆವರ್ತಗಳ ಸಂಖ್ಯೆ, ಇದೆ. 133 ಮೆಗಾಹರ್ಟ್ಸ್ ಎಸ್‌ಡಿರ‍್ಯಾಮಿನಲ್ಲಿ ಒಂದು ಆವರ್ತಕ್ಕೆ 7.5 ನ್ಯಾನೋಸೆಕೆಂಡು; ಮೂರು ಆವರ್ತಗಳ ಕಾಯುವಿಕೆಗಾಗಿ ನಿರ್ಮಿತವಾದ ಮೆಮೊರಿಗೆ ಎರಡನ್ನೇ ವಿಧಿಸಿದರೆ, 22.5 ನ್ಯಾನೋಸೆಕೆಂಡಿನಲ್ಲಿ ಕೊಡಬೇಕಾದ ಉತ್ತರವನ್ನು ಅದು 15ರಲ್ಲಿಯೇ ಕೊಡಬೇಕಾಗುತ್ತದೆ. ಯಂತ್ರವು ಏಳದೆ ಹೋದರೆ ನಷ್ಟವೇನಿಲ್ಲ. ಎದ್ದು, ಸರಿಯಾಗಿಯೇ ನಡೆಯುತ್ತಿರುವಂತೆ ತೋರುತ್ತ, ಬರೆದ ಕಡತಗಳನ್ನು ಸದ್ದಿಲ್ಲದೆ ಕೆಡಿಸುವುದೇ ನಿಜವಾದ ವಿಪತ್ತು. ಇಂಥ ಬದಲಾವಣೆಯ ಬಳಿಕ ಮೆಮ್‌ಟೆಸ್ಟ್86 ತಂತ್ರಾಂಶವನ್ನು ರಾತ್ರಿಯಿಡೀ ಓಡಿಸದೆ ಆ ಯಂತ್ರದಲ್ಲಿ ಮುಖ್ಯವಾದುದೇನನ್ನೂ ಇಡಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಟಾ ಡಿಸ್ಕು ಐಡಿಇ, ಎಎಚ್‌ಸಿಐ ಎಂಬೆರಡರಲ್ಲಿ ಯಾವ ಕ್ರಮದಲ್ಲಿ ನಡೆಯಬೇಕೆಂಬ ಆಯ್ಕೆಯೂ ಅಷ್ಟೇ ಸೂಕ್ಷ್ಮ. ಐಡಿಇ ಕ್ರಮದಲ್ಲಿ ಸ್ಥಾಪಿತವಾದ ವಿಂಡೋಸ್ ಎಕ್ಸ್‌ಪಿಯನ್ನು, ತಕ್ಕ ಡ್ರೈವರನ್ನು ಮೊದಲೇ ಅಳವಡಿಸದೆ, ಎಎಚ್‌ಸಿಐಗೆ ಹೊರಳಿಸಿದರೆ 7ಬಿ ಸಂಖ್ಯೆಯ ದೋಷವನ್ನು ಹೊತ್ತ ನೀಲಿ ಪರದೆ ಎದುರಾಗುತ್ತದೆ. ಡಿಸ್ಕು ಕೆಟ್ಟಿತೆಂದು ಅನೇಕರು ಭಯಪಡುತ್ತಾರೆ. ಹಿಂದಿನ ಕ್ರಮಕ್ಕೆ ಮರಳಿಸಿದೊಡನೆ ಸಾಮಾನ್ಯವಾಗಿ ಎಲ್ಲವೂ ಯಥಾಸ್ಥಿತಿಗೆ ಬರುತ್ತದೆ. ಹೀಗಿರುವುದರಿಂದಲೇ ಪ್ರತಿಯೊಂದು ಪುಟದ ಮೂಲ ಮೌಲ್ಯಗಳನ್ನು ಮೊದಲು ಕಾಗದದಲ್ಲಿ ಬರೆದಿಟ್ಟುಕೊಂಡು, ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಎಫ್10ರಿಂದ ಉಳಿಸಿ, ಪರಿಣಾಮವನ್ನು ಪರೀಕ್ಷಿಸಿಯೇ ಮುಂದುವರಿಯಬೇಕು.

ಪರದೆಯೇ ಮೂಡದಂತಾದರೆ, ವಿದ್ಯುತ್ತಿನ ತಂತಿಯನ್ನು ಸಂಪೂರ್ಣವಾಗಿ ಕಳಚಿ, ಬೋರ್ಡಿನ ಮೇಲಿನ ಕ್ಲಿಯರ್ ಸಿಮಾಸ್ ಜಂಪರನ್ನು ಕೈಪಿಡಿಯಲ್ಲಿ ಹೇಳಿದಂತೆ ಕೆಲವು ಸೆಕೆಂಡುಗಳ ಕಾಲ ಸ್ಥಾನಾಂತರಿಸಿ, ಮತ್ತೆ ಮೊದಲಿನಂತೆ ಇಡತಕ್ಕದ್ದು. ಅನಂತರ ದಿನಾಂಕವನ್ನೂ, ಬರೆದಿಟ್ಟ ಕಾಗದವನ್ನು ನೋಡಿ ಡಿಸ್ಕಿನ ಕ್ರಮವನ್ನೂ ಮರಳಿ ತುಂಬಬೇಕಾಗುತ್ತದೆ.