ಅನಿಯಂತ್ರಿತ ಮಧುಮೇಹ ಮತ್ತು ರಕ್ತದ ಲವಣ ಸಮತೋಲ: ಹಾವೇರಿ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಹಿನ್ನೆಲೆಯಲ್ಲಿ

ಮಧುಮೇಹದ ತೀವ್ರತೆಯನ್ನು ರಕ್ತದ ಸಕ್ಕರೆಯ ಪ್ರಮಾಣದಿಂದ ಅಳೆಯುವುದು ರೂಢಿ. ಆದರೆ ಹತೋಟಿ ತಪ್ಪಿದ ರೋಗಿಯ ಪ್ರಾಣಕ್ಕೆ ಒದಗುವ ಅಪಾಯ ಅನೇಕ ವೇಳೆ ಸೋಡಿಯಂ, ಪೊಟ್ಯಾಸಿಯಂಗಳ ಏರುಪೇರಿನಲ್ಲಿ ಅಡಗಿರುತ್ತದೆ. 1997ರಲ್ಲಿ ರೂಪುಗೊಂಡ ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳು ಕೃಷಿಪ್ರಧಾನವಾದವು. ಬಿಸಿಲಿನಲ್ಲಿ ದುಡಿಯುವವರಿಗೆ ಬೆವರಿನಿಂದಾಗುವ ನಷ್ಟವೂ ಸೇರುವುದರಿಂದ ಇಲ್ಲಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ಮೀರಿದಾಗ ಮೂತ್ರಪಿಂಡಗಳು ಅದನ್ನು ಪೂರ್ಣವಾಗಿ ಹಿಂಪಡೆಯಲಾರವು. ಮೂತ್ರಕ್ಕಿಳಿದ ಸಕ್ಕರೆ ತನ್ನೊಡನೆ ನೀರನ್ನೂ ಲವಣಗಳನ್ನೂ ಸೆಳೆದೊಯ್ಯುತ್ತದೆ. ಅತಿಮೂತ್ರ, ಬಾಯಾರಿಕೆ, ನಿಶ್ಶಕ್ತಿಗಳು ಇದರ ಹೊರಗುರುತುಗಳು.

ಸೋಡಿಯಂನ ಸಹಜ ಮಟ್ಟ ಲೀಟರಿಗೆ 135ರಿಂದ 145 ಮಿಲಿಮೋಲ್. ಸಕ್ಕರೆ ಏರಿದಾಗ ಜೀವಕೋಶಗಳ ನೀರು ರಕ್ತಕ್ಕೆ ಹರಿದು ಸೋಡಿಯಂ ತೆಳುವಾಗುತ್ತದೆ. ಸಕ್ಕರೆಯು 100 ಮಿಲಿಗ್ರಾಂಗಿಂತ ಮೇಲೇರುವ ಪ್ರತಿ 100 ಮಿಲಿಗ್ರಾಂಗೆ ಸೋಡಿಯಂ ಸುಮಾರು 1.6 ಮಿಲಿಮೋಲ್ ತಗ್ಗುವುದೆಂಬ ಲೆಕ್ಕ ಬಳಕೆಯಲ್ಲಿದೆ. ಸಕ್ಕರೆ 500 ಇದ್ದು ಸೋಡಿಯಂ 130 ಕಂಡುಬಂದರೆ, ತಿದ್ದಿದ ಮೌಲ್ಯ 136.4, ಅಂದರೆ ಸಹಜ ಮಿತಿಯೊಳಗೇ ಇದೆ.

ಪೊಟ್ಯಾಸಿಯಂನ ಸ್ಥಿತಿ ಇನ್ನೂ ಸೂಕ್ಷ್ಮ. ಅದರ ಸಹಜ ಮಟ್ಟ ಸುಮಾರು 3.5ರಿಂದ 5.0 ಮಿಲಿಮೋಲ್. ಇನ್ಸುಲಿನ್ ಕೊರತೆಯಲ್ಲಿ ಅದು ಜೀವಕೋಶಗಳಿಂದ ಹೊರಬಂದು ಮೂತ್ರದ ಮೂಲಕ ನಷ್ಟವಾಗುತ್ತದೆ. ಕೀಟೋ ಆಮ್ಲತೆಗೆ ತುತ್ತಾದ ರೋಗಿಯ ದೇಹತೂಕದ ಪ್ರತಿ ಕಿಲೋಗ್ರಾಂಗೆ 3ರಿಂದ 5 ಮಿಲಿಮೋಲ್ ಕೊರತೆಯಿದ್ದರೂ ರಕ್ತಪರೀಕ್ಷೆ ಸಹಜ ಮಟ್ಟವನ್ನೇ, ಕೆಲವೊಮ್ಮೆ ಹೆಚ್ಚನ್ನೇ ತೋರಿಸಬಹುದು. ಇನ್ಸುಲಿನ್ ಕೊಟ್ಟೊಡನೆ ಪೊಟ್ಯಾಸಿಯಂ ಜೀವಕೋಶಗಳಿಗೆ ಮರಳಿ, ರಕ್ತದಲ್ಲಿ ಹಠಾತ್ತನೆ ಕುಸಿದು ಹೃದಯದ ಲಯ ತಪ್ಪಬಹುದು. ಆದ್ದರಿಂದ ಮಟ್ಟವು 3.5ಕ್ಕಿಂತ ಕಡಿಮೆಯಿದ್ದಲ್ಲಿ ಮೊದಲು ಪೊಟ್ಯಾಸಿಯಂ ತುಂಬಿ ಅನಂತರ ಇನ್ಸುಲಿನ್ ಆರಂಭಿಸುವುದು ಅಂಗೀಕೃತ ಕ್ರಮ. ಇದಕ್ಕೆ ವಿರುದ್ಧವಾಗಿ, ಮೂತ್ರಪಿಂಡ ದುರ್ಬಲಗೊಂಡ ಹಳೆಯ ರೋಗಿಗಳಲ್ಲಿ ಹಾಗೂ ರಕ್ತದೊತ್ತಡದ ಕೆಲವು ಮಾತ್ರೆಗಳನ್ನು ಸೇವಿಸುವವರಲ್ಲಿ ಪೊಟ್ಯಾಸಿಯಂ ದೇಹದಲ್ಲೇ ಉಳಿದು ಅಪಾಯಕರವಾಗಿ ಏರಬಹುದು.

ಗ್ರಾಮಾಂತರ ಪ್ರದೇಶದಲ್ಲಿ ರಕ್ತದ ಮಾದರಿಯ ಸಾಗಣೆಯೂ ಫಲಿತಾಂಶವನ್ನು ಕೆಡಿಸಬಲ್ಲದು. ದಾರಿಯ ಕುಲುಕಾಟಕ್ಕೆ ಕೆಂಪು ರಕ್ತಕಣಗಳು ಒಡೆದರೆ ಪೊಟ್ಯಾಸಿಯಂ ಹುಸಿಯಾಗಿ ಹೆಚ್ಚು ಕಾಣುತ್ತದೆ. ಸಕ್ಕರೆ ಪರೀಕ್ಷೆಗೆ ಬಳಸುವ ಸೋಡಿಯಂ ಫ್ಲೋರೈಡ್, ಪೊಟ್ಯಾಸಿಯಂ ಆಕ್ಸಲೇಟ್ ಲೇಪಿತ ನಳಿಕೆಯ ರಕ್ತವು ಲವಣಗಳ ಪರೀಕ್ಷೆಗೆ ಸಲ್ಲದು. ಸೀರಂ ಅನ್ನು ಬೇಗನೆ ಬೇರ್ಪಡಿಸಿ ಕಳುಹಿಸುವುದು ಲೇಸು.

ಹೀಗೆ ಸಕ್ಕರೆಯ ಅಂಕಿಯೊಂದನ್ನೇ ನೆಚ್ಚದೆ, ಸೋಡಿಯಂ, ಪೊಟ್ಯಾಸಿಯಂ ಹಾಗೂ ಕ್ರಿಯಾಟಿನಿನ್‌ಗಳನ್ನು ಅದರೊಡನೆ ಕೂಡಿಸಿ ಓದುವುದು ಅಗತ್ಯ. ಈ ಪರೀಕ್ಷೆಗಳು ತಾಲ್ಲೂಕು ಮಟ್ಟದಲ್ಲೇ, ಚಿಕಿತ್ಸೆಯ ಮೊದಲ ಗಂಟೆಯಲ್ಲೇ ದೊರೆತಲ್ಲಿ, ತಪ್ಪಿಸಬಹುದಾದ ಸಾವುಗಳು ತಪ್ಪುವುವು.