ರಾಕ್ ಸಂಗೀತ ಪತ್ರಿಕೆಗೆ ಪುಟವಿನ್ಯಾಸದ ಲೆಕ್ಕಾಚಾರ

ಕಾಲೇಜಿನ ಕೆಲವು ಸಂಗೀತಾಸಕ್ತರು ಸೇರಿ ರಾಕ್ ಸಂಗೀತಕ್ಕಾಗಿಯೇ ಒಂದು ಪತ್ರಿಕೆ ತರಲು ಹೊರಟಿದ್ದಾರೆ ಎಂದುಕೊಳ್ಳಿ. ಲೇಖನಗಳು ಸಿದ್ಧವಾಗಿವೆ, ಕಾರ್ಯಕ್ರಮಗಳ ಛಾಯಾಚಿತ್ರಗಳೂ ಇವೆ. ಕೈಯಲ್ಲಿರುವ ಹಣ ಮಾತ್ರ ಕಡಿಮೆ. ಇಂತಹ ಸಂದರ್ಭದಲ್ಲಿ ಪುಟವಿನ್ಯಾಸವೆಂದರೆ ಅಲಂಕಾರ ಎಂದು ಭಾವಿಸಿ ಅದನ್ನು ಕೊನೆಗೆ ಬಿಡುವುದು ರೂಢಿ. ವಾಸ್ತವದಲ್ಲಿ ಅದು ಮೊದಲು ಮಾಡಬೇಕಾದ ಲೆಕ್ಕ. ಎಷ್ಟು ಪುಟ, ಎಲ್ಲಿ ಬಣ್ಣ, ಯಾವ ಚಿತ್ರ ಎಷ್ಟು ದೊಡ್ಡದು ಎಂಬುದನ್ನೆಲ್ಲ ಕಾಗದದ ಮಡಿಕೆ ಮತ್ತು ಶಾಯಿಯ ಗುಣವೇ ಬಹುಮಟ್ಟಿಗೆ ನಿರ್ಧರಿಸುತ್ತವೆ.

ಎರಡು ಹಳೆಯ ಮಾದರಿಗಳು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1967ರ ನವೆಂಬರ್ 9ರ ದಿನಾಂಕ ಹೊತ್ತು 'ರೋಲಿಂಗ್ ಸ್ಟೋನ್' ಪತ್ರಿಕೆಯ ಮೊದಲ ಸಂಚಿಕೆ ಹೊರಬಂದಿತು. ಬರ್ಕ್ಲಿ ವಿಶ್ವವಿದ್ಯಾಲಯದ ವಿದ್ಯಾಭ್ಯಾಸವನ್ನು ಅರ್ಧಕ್ಕೇ ಬಿಟ್ಟಿದ್ದ ಜಾನ್ ವೆನ್ನರ್, ಸಂಗೀತ ವಿಮರ್ಶಕ ರಾಲ್ಫ್ ಗ್ಲೀಸನ್ ಅವರೊಡನೆ ಸೇರಿ ಅದನ್ನು ಆರಂಭಿಸಿದರು. ವಿಷಯ ಹೊಸತಾದರೂ ಪುಟಗಳ ರೂಪ ಗಂಭೀರ ವೃತ್ತಪತ್ರಿಕೆಯಂತಿತ್ತು. ನೇರ ಕಾಲಂಗಳು, ಗೆರೆಗಳು, ಸುಲಭವಾಗಿ ಓದಬಹುದಾದ ಅಕ್ಷರ.

ಇದಕ್ಕೆ ತದ್ವಿರುದ್ಧವಾದದ್ದು 1992ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ 'ರೇ ಗನ್'. ಅದರ ವಿನ್ಯಾಸಕಾರ ಡೇವಿಡ್ ಕಾರ್ಸನ್ ಅಕ್ಷರಗಳನ್ನು ಒಡೆದರು, ಒಂದರ ಮೇಲೊಂದು ಹೇರಿದರು. 1994ರಲ್ಲಿ ಗಾಯಕ ಬ್ರಯಾನ್ ಫೆರಿಯ ಸಂದರ್ಶನ ನೀರಸವೆನಿಸಿದ್ದರಿಂದ ಅದನ್ನಿಡೀ ಚಿಹ್ನೆಗಳೇ ತುಂಬಿದ ಡಿಂಗ್‌ಬ್ಯಾಟ್ ಅಕ್ಷರದಲ್ಲಿ ಮುದ್ರಿಸಿದರು. ಆದರೆ ಅದೇ ಸಂಚಿಕೆಯ ಹಿಂಭಾಗದಲ್ಲಿ ಆ ಸಂದರ್ಶನವನ್ನು ಓದಬಲ್ಲ ಅಕ್ಷರದಲ್ಲೂ ಕೊಡಲಾಗಿತ್ತು. ಅಂದರೆ ಅಷ್ಟೊಂದು ಸಾಹಸ ಮಾಡಿದವರೂ ಓದುಗನನ್ನು ಪೂರ್ತಿ ಕೈಬಿಡಲಿಲ್ಲ. ನಮ್ಮ ದೇಶದಲ್ಲಿ ಅಮಿತ್ ಸೈಗಲ್ 1993ರಲ್ಲಿ ಅಲಹಾಬಾದಿನಿಂದ 'ರಾಕ್ ಸ್ಟ್ರೀಟ್ ಜರ್ನಲ್' ಆರಂಭಿಸಿದಾಗ, ದೊಡ್ಡ ನಗರ, ದೊಡ್ಡ ಬಂಡವಾಳ ಇಲ್ಲದೆಯೂ ಇಂತಹ ಪತ್ರಿಕೆ ಸಾಧ್ಯವೆಂಬುದು ಕಂಡುಬಂದಿತು.

ಪುಟಗಳೇಕೆ ನಾಲ್ಕರ ಗುಣಕ?

ಒಂದು ಎ3 ಹಾಳೆಯನ್ನು ನಡುವೆ ಮಡಿಸಿದರೆ ಎ4 ಅಳತೆಯ ನಾಲ್ಕು ಪುಟಗಳಾಗುತ್ತವೆ. ಎ ಸರಣಿಯ ಕಾಗದದಲ್ಲಿ ಉದ್ದ ಮತ್ತು ಅಗಲಗಳ ಅನುಪಾತ 2ರ ವರ್ಗಮೂಲ, ಅಂದರೆ ಸುಮಾರು 1.414. ಆದ್ದರಿಂದ ಅರ್ಧ ಮಡಿಸಿದರೂ ಆಕಾರ ಬದಲಾಗುವುದಿಲ್ಲ. ಈ ಗುಣವನ್ನು ಜರ್ಮನಿಯ ಭೌತವಿಜ್ಞಾನಿ ಲಿಕ್ಟೆನ್‌ಬರ್ಗ್ 1786ರಲ್ಲೇ ಒಂದು ಪತ್ರದಲ್ಲಿ ವಿವರಿಸಿದ್ದ.

ಸೆಂಟರ್ ಪಿನ್ ಹೊಡೆಯುವ ಪತ್ರಿಕೆಯ ಪುಟಸಂಖ್ಯೆ ಯಾವಾಗಲೂ ನಾಲ್ಕರ ಗುಣಕವಾಗಿರಬೇಕು. ನಿಮ್ಮ ಸಾಮಗ್ರಿ 33 ಪುಟವಾದರೆ ಮುದ್ರಕ 36 ಪುಟಗಳ ಹಣ ಕೇಳುತ್ತಾನೆ. ಆ ಒಂದು ಪುಟವನ್ನು ಕಡಿತಗೊಳಿಸಿ 32ಕ್ಕೆ ಇಳಿಸುವುದು ಜಾಣತನ. ದೊಡ್ಡ ಯಂತ್ರದಲ್ಲಿ 16 ಪುಟಗಳ ಒಂದು ಫಾರಂ ಅಚ್ಚಾಗುವುದಾದರೆ 32 ಪುಟ ಸರಿಯಾಗಿ ಎರಡು ಫಾರಂ.

ಇಲ್ಲೊಂದು ಸರಳ ಗಣಿತವಿದೆ. ಹಾಳೆಯ ಒಂದೇ ಮುಖದ ಮೇಲೆ ಅಕ್ಕಪಕ್ಕ ಬರುವ ಎರಡು ಪುಟಗಳ ಮೊತ್ತ ಒಟ್ಟು ಪುಟಗಳಿಗಿಂತ ಒಂದು ಹೆಚ್ಚು. 32 ಪುಟಗಳ ಪತ್ರಿಕೆಯಲ್ಲಿ 1ರ ಜೊತೆ 32, 2ರ ಜೊತೆ 31, ಕೊನೆಗೆ 16ರ ಜೊತೆ 17. ಓದುವಾಗ ಎದುರುಬದುರಾಗುವ ಪುಟಗಳ ಪೈಕಿ ಒಂದೇ ಕಾಗದದ ಮೇಲೆ ಅಚ್ಚಾಗುವುದು 16 ಮತ್ತು 17 ಮಾತ್ರ. ಉಳಿದೆಡೆ ಎಡಪುಟ ಒಂದು ಹಾಳೆಯದು, ಬಲಪುಟ ಇನ್ನೊಂದರದು. ಮಡಿಕೆ ಕೂದಲೆಳೆಯಷ್ಟು ಜರುಗಿದರೂ ಅಲ್ಲಿ ಗಿಟಾರಿನ ಕತ್ತು ಎರಡು ತುಂಡಾಗಿ ಕಾಣುತ್ತದೆ. ಆದ್ದರಿಂದ ವೇದಿಕೆಯ ದೊಡ್ಡ ಚಿತ್ರಕ್ಕೆ ನಡುಪುಟವೇ ಸರಿ. ಬಣ್ಣಕ್ಕೆ ಒಂದೇ ಎ3 ಹಾಳೆಯ ಹಣವಿದ್ದು ಅದನ್ನು ನಡುಹಾಳೆಗೆ ಬಳಸಿದರೆ 15ರಿಂದ 18ರವರೆಗಿನ ನಾಲ್ಕೂ ಪುಟಗಳಿಗೆ ಬಣ್ಣ ಸಿಗುತ್ತದೆ.

ಪುಟದ ಚೌಕಟ್ಟು

ಎ4 ಪುಟದ ಅಗಲ 210 ಮಿ.ಮೀ. ಒಳ ಅಂಚಿಗೆ 18, ಹೊರ ಅಂಚಿಗೆ 15 ಬಿಟ್ಟರೆ ಉಳಿಯುವುದು 177 ಮಿ.ಮೀ. ಇದನ್ನು ನಡುವೆ 6 ಮಿ.ಮೀ. ತೆರಪು ಬಿಟ್ಟು ಆರು ಪಟ್ಟಿಗಳಾಗಿ ವಿಂಗಡಿಸಿದರೆ ಪ್ರತಿ ಪಟ್ಟಿ 24.5 ಮಿ.ಮೀ. ಎರಡೆರಡು ಪಟ್ಟಿ ಸೇರಿಸಿದರೆ 55 ಮಿ.ಮೀ.ನ ಮೂರು ಕಾಲಂ. ಮೂರು ಮೂರು ಸೇರಿಸಿದರೆ 85.5 ಮಿ.ಮೀ.ನ ಎರಡು ಕಾಲಂ. ಕಿರು ವಿಮರ್ಶೆಗಳಿಗೆ ಮೂರು ಕಾಲಂ, ದೀರ್ಘ ಸಂದರ್ಶನಕ್ಕೆ ಎರಡು. ಚೌಕಟ್ಟು ಒಂದೇ ಆದ್ದರಿಂದ ಪುಟಗಳು ಬೇರೆಬೇರೆಯಾಗಿ ಕಂಡರೂ ಒಂದೇ ಪತ್ರಿಕೆಯವು ಎನಿಸುತ್ತವೆ.

ಕನ್ನಡದಲ್ಲಿ ಅಚ್ಚಾಗುವುದಾದರೆ ಇಂಗ್ಲಿಷ್ ಪತ್ರಿಕೆಯ ಅಳತೆಗಳನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ನಮ್ಮ ಲಿಪಿಯಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಗುಣಿತದ ಚಿಹ್ನೆ ಮೇಲೆ ಏರುತ್ತದೆ. 11 ಪಾಯಿಂಟ್ ಅಕ್ಷರಕ್ಕೆ ಸಾಲಿನಿಂದ ಸಾಲಿಗೆ 15 ಪಾಯಿಂಟ್ ಆದರೂ ಇರಲಿ. ಒಂದು ಪಾಯಿಂಟ್ ಅಂದರೆ ಅಂಗುಲದ 72ರಲ್ಲಿ ಒಂದು ಭಾಗ, ಸುಮಾರು 0.35 ಮಿ.ಮೀ. ಮೇಲೆ ಕೆಳಗೆ ಅಂಚು ಬಿಟ್ಟು ಉಳಿದ 255 ಮಿ.ಮೀ. ಎತ್ತರದಲ್ಲಿ 48 ಸಾಲುಗಳು ಹಿಡಿಸುತ್ತವೆ. ಕಿರಿದಾದ ಕಾಲಂನ ಸಾಲಿಗೆ ನಾಲ್ಕು ಪದಗಳಂತೆ ಲೆಕ್ಕ ಹಾಕಿದರೆ ಮೂರು ಕಾಲಂ ಸೇರಿ ಸುಮಾರು 575 ಪದ. ಶೀರ್ಷಿಕೆ ಮತ್ತು ಚಿತ್ರಗಳು ಕಳೆದು 350 ಪದ ಉಳಿಯುತ್ತವೆ ಎಂದಿಟ್ಟುಕೊಂಡರೆ, 1400 ಪದಗಳ ಸಂದರ್ಶನಕ್ಕೆ ನಾಲ್ಕು ಪುಟ ಬೇಕು. ಕನ್ನಡದ ಪದಗಳು ಉದ್ದ. ಕಿರಿದಾದ ಕಾಲಂನಲ್ಲಿ ಎರಡೂ ಬದಿ ಸಮಮಾಡಿದರೆ ಪದಗಳ ನಡುವೆ ಹಳ್ಳಗಳು ಬೀಳುತ್ತವೆ. ಅಂತಹ ಕಡೆ ಎಡಬದಿ ಮಾತ್ರ ಸಮವಾಗಿರಲಿ.

ಚಿತ್ರ ಮತ್ತು ಕಪ್ಪು ಹಿನ್ನೆಲೆ

ಒಳ್ಳೆಯ ಮುದ್ರಣಕ್ಕೆ ಅಂಗುಲಕ್ಕೆ 300 ಪಿಕ್ಸೆಲ್ ಬೇಕೆಂಬುದು ಸಾಮಾನ್ಯ ನಿಯಮ. ಇಡೀ ಎ4 ಪುಟಕ್ಕೆ 2480 × 3508 ಪಿಕ್ಸೆಲ್. 800 ಪಿಕ್ಸೆಲ್ ಅಗಲದ ಚಿತ್ರ 68 ಮಿ.ಮೀ.ಗಿಂತ ಹಿಗ್ಗಲಾರದು, ಹೆಚ್ಚುಕಡಿಮೆ ಒಂದು ಕಾಲಂ ಅಷ್ಟೆ. ಪರದೆಯ ಮೇಲೆ ಚೆನ್ನಾಗಿ ಕಂಡ ಚಿತ್ರ ಅಚ್ಚಿನಲ್ಲಿ ಮಸುಕಾಗಲು ಇದೇ ಕಾರಣ. ಛಾಯಾಗ್ರಾಹಕರಿಂದ ಮೂಲ ಕಡತವನ್ನೇ ಪಡೆಯಿರಿ. ಪುಟದ ಅಂಚಿನವರೆಗೆ ಹೋಗುವ ಚಿತ್ರವನ್ನು 3 ಮಿ.ಮೀ. ಹೊರಕ್ಕೆ ಚಾಚಿಡಿ, ಇಲ್ಲವಾದರೆ ಕಟಿಂಗ್ ಆದಾಗ ಬಿಳಿ ಗೆರೆ ಇಣುಕುತ್ತದೆ.

ರಾಕ್ ಪತ್ರಿಕೆಗಳಿಗೆ ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಬಲು ಇಷ್ಟ. ಆದರೆ ಶಾಯಿ ಕಾಗದದಲ್ಲಿ ಸ್ವಲ್ಪ ಹರಡುತ್ತದೆ. ಸಣ್ಣ ಬಿಳಿ ಅಕ್ಷರದ ಒತ್ತುಗಳನ್ನು, ಸುಳಿಗಳನ್ನು ಸುತ್ತಲಿನ ಕಪ್ಪು ನುಂಗಿಬಿಡುತ್ತದೆ. ನಾಲ್ಕೂ ಬಣ್ಣ ಬೆರೆಸಿ ಕಪ್ಪು ಮಾಡಿದರಂತೂ ಒಂದು ಬಣ್ಣ ತುಸು ಸರಿದರೂ ಅಕ್ಷರದ ಅಂಚು ಕಲಸಿಹೋಗುತ್ತದೆ, ಶಾಯಿ ಬೇಗ ಒಣಗದೆ ಎದುರು ಪುಟಕ್ಕೆ ಹತ್ತುತ್ತದೆ. ಕಪ್ಪಿನ ಮೇಲೆ ದೊಡ್ಡ ಶೀರ್ಷಿಕೆಯಷ್ಟೇ ಇರಲಿ, ಲೇಖನ ಬಿಳಿಯ ಮೇಲಿರಲಿ.

ಒಂದು ಪುಟಯೋಜನೆ

ಎಡಪುಟ ಯಾವಾಗಲೂ ಸಮಸಂಖ್ಯೆ. ಮುಖ್ಯ ಲೇಖನ ಎಡಪುಟದಿಂದ ಆರಂಭವಾದರೆ ಎರಡು ಪುಟಗಳು ಒಟ್ಟಿಗೆ ಕಣ್ಣಿಗೆ ಬೀಳುತ್ತವೆ.

1: ಮುಖಪುಟ
2–3: ಪರಿವಿಡಿ, ಸಂಪಾದಕೀಯ
4–7: ಕಾಲೇಜು ತಂಡಗಳ ಸುದ್ದಿ
8–11: ಸಂದರ್ಶನ
12–15: ವಿದ್ಯುತ್ ಗಿಟಾರ್ ಕೆಲಸ ಮಾಡುವ ಬಗೆ
16–17: ವೇದಿಕೆಯ ಚಿತ್ರ
18–21: ರಾಕ್ ಇತಿಹಾಸ
22–27: ಆಲ್ಬಂ ವಿಮರ್ಶೆಗಳು
28–31: ಓದುಗರ ಬರಹ, ಕಾರ್ಯಕ್ರಮಗಳ ಪಟ್ಟಿ
32: ಜಾಹೀರಾತು

ಜಾಗ ಉಳಿಯಿತೆಂದು ಹಾಡಿನ ಇಡೀ ಸಾಹಿತ್ಯವನ್ನು ತುಂಬಬೇಡಿ. ಭಾರತದ ಕೃತಿಸ್ವಾಮ್ಯ ಕಾಯಿದೆಯಂತೆ ಕರ್ತೃವಿನ ಜೀವಿತಕಾಲ ಮತ್ತು ನಂತರದ 60 ವರ್ಷ ಅದಕ್ಕೆ ರಕ್ಷಣೆ ಇದೆ. ಖಾಲಿ ಜಾಗವನ್ನು ಖಾಲಿಯಾಗಿಯೇ ಬಿಟ್ಟರೆ ಕಣ್ಣಿಗೆ ವಿಶ್ರಾಂತಿ.

ಮಾಡಿ ನೋಡಿ

ಎಂಟು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ನಡುವೆ ಮಡಿಸಿ, ಪುಸ್ತಕದಂತೆ ತಿರುವುತ್ತ 1ರಿಂದ 32ರವರೆಗೆ ಸಂಖ್ಯೆ ಬರೆಯಿರಿ. ಈಗ ಹಾಳೆಗಳನ್ನು ಬಿಡಿಸಿ, ಒಂದೇ ಮುಖದಲ್ಲಿರುವ ಜೋಡಿಗಳನ್ನು ಕೂಡಿಸಿ ನೋಡಿ; ಎಲ್ಲೆಡೆ 33 ಬರುತ್ತದೆ. ಮತ್ತೆ ಜೋಡಿಸಿ ಹೊರ ಅಂಚನ್ನು ಗಮನಿಸಿದರೆ ನಡುಹಾಳೆಗಳು ತುಸು ಹೊರಗೆ ಚಾಚಿರುವುದು ಕಾಣುತ್ತದೆ. ಕಟಿಂಗ್ ಯಂತ್ರ ಅಷ್ಟನ್ನು ಕತ್ತರಿಸುತ್ತದೆ. ಆದ್ದರಿಂದ ನಡುಪುಟಗಳಲ್ಲಿ ಪುಟಸಂಖ್ಯೆಯನ್ನು ಅಂಚಿಗೆ ತೀರ ಹತ್ತಿರ ಇಡಬಾರದು. ಈ ಡಮ್ಮಿಯ ಮೇಲೆಯೇ ಲೇಖನಗಳ ಹೆಸರು ಬರೆದು, ಚಿತ್ರಗಳ ಜಾಗ ಗುರುತಿಸಿ, ಆಮೇಲೆ ಗಣಕಯಂತ್ರದ ಮುಂದೆ ಕೂರಿ.