ಶಾಲೆಯ ಕೋಣೆಗೆ ಸಾಲ: ಮತ ಯಾರದು, ಕಂತು ಯಾರದು?

2019ರ ಆಗಸ್ಟ್ ತಿಂಗಳಲ್ಲಿ ಘಟಪ್ರಭಾ, ಮಾರ್ಕಂಡೇಯ, ಹಿರಣ್ಯಕೇಶಿ ನದಿಗಳು ಒಮ್ಮೆಗೇ ತುಂಬಿ ಹರಿದವು. ಗೋಕಾಕದ ಬಳಿಯ ಲೋಳಸೂರ ಸೇತುವೆ ಮುಳುಗಿತು, ಪಟ್ಟಣದ ತಗ್ಗು ಭಾಗಗಳಿಗೆ ನೀರು ನುಗ್ಗಿತು. ಮೂಡಲಗಿ, ಹುಕ್ಕೇರಿ ಭಾಗಗಳ ನದಿದಂಡೆಯ ಹಳ್ಳಿಗಳ ಜನ ಮನೆ ಬಿಟ್ಟು ಎತ್ತರದ ಜಾಗಗಳಿಗೆ ಬಂದರು. ಇಂಥ ಹೊತ್ತಿನಲ್ಲಿ ಊರಿಗೆ ಮೊದಲು ನೆನಪಾಗುವುದು ಶಾಲೆ. ಜನರಿಗೆ ಅಲ್ಲಿಯೇ ಆಸರೆ, ಅಲ್ಲಿಯೇ ಗಂಜಿ. ಆದರೆ ನೀರು ಇಳಿದ ಮೇಲೆ ಅದೇ ಶಾಲೆಯ ನೆನೆದ ಗೋಡೆ, ಸೋರುವ ಛಾವಣಿ, ಕುಸಿದ ನೆಲಗಟ್ಟು ಯಾರ ಹೊಣೆ? ಹೊಸ ಕೋಣೆ ಬೇಕೆಂದು ತೀರ್ಮಾನಿಸುವವರು ಯಾರು, ಅದಕ್ಕೆ ಹಣ ಕೊಡುವವರು ಯಾರು? ಪೌರನೀತಿಯ ಪಾಠಗಳಲ್ಲಿ ಶಾಸಕಾಂಗ, ಕಾರ್ಯಾಂಗಗಳ ವಿವರ ಧಾರಾಳವಾಗಿ ಸಿಗುತ್ತದೆ. ಈ ಪ್ರಶ್ನೆಗೆ ಮಾತ್ರ ಉತ್ತರ ಅಷ್ಟು ಸುಲಭವಾಗಿ ಸಿಗುವುದಿಲ್ಲ.

ಇದೇ ಪ್ರಶ್ನೆಗೆ ಅಮೆರಿಕದ ಬಹಳಷ್ಟು ಊರುಗಳಲ್ಲಿ ಒಂದು ನೇರವಾದ ಉತ್ತರವಿದೆ: ಊರಿನವರ ಮತ. ಅಲ್ಲಿ ಶಾಲೆಗಳನ್ನು ನಡೆಸುವುದು ಸಾಮಾನ್ಯವಾಗಿ 'ಶಾಲಾ ಜಿಲ್ಲೆ' ಎಂಬ ಸಂಸ್ಥೆ. ಅದು ನಮ್ಮ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಂತೆ ಇಲಾಖೆಯ ಒಂದು ಶಾಖೆಯಲ್ಲ. ಅದಕ್ಕೆ ಚುನಾಯಿತ ಮಂಡಲಿಯಿದೆ, ಆಸ್ತಿ ತೆರಿಗೆಯಲ್ಲಿ ಪಾಲಿದೆ, ಸಾಲ ಎತ್ತುವ ಅಧಿಕಾರವೂ ಇದೆ. ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟಬೇಕಾದಾಗ ಮಂಡಲಿಯು ಕಾಮಗಾರಿಗಳ ಪಟ್ಟಿ ಮಾಡಿ, ಇಷ್ಟು ಸಾಲ ಬೇಕು, ಅದಕ್ಕಾಗಿ ನಿಮ್ಮ ಆಸ್ತಿ ತೆರಿಗೆ ಇಷ್ಟು ಏರುತ್ತದೆ ಎಂದು ತಿಳಿಸಿ ಮತದಾರರ ಮುಂದೆ ಪ್ರಸ್ತಾವ ಇಡುತ್ತದೆ. ಮತದಾರರು 'ಹೌದು' ಎಂದರೆ ಸಾಲಪತ್ರಗಳನ್ನು, ಅಂದರೆ ಬಾಂಡುಗಳನ್ನು ಮಾರುಕಟ್ಟೆಯಲ್ಲಿ ಮಾರುತ್ತಾರೆ. ಕೊಂಡವರ ಹಣದಿಂದ ಕಟ್ಟಡ ಏಳುತ್ತದೆ. ಏರಿದ ತೆರಿಗೆಯಿಂದ ಇಪ್ಪತ್ತು, ಮೂವತ್ತು ವರ್ಷ ಅಸಲು, ಬಡ್ಡಿ ತೀರುತ್ತವೆ. 'ಬೇಡ' ಎಂದರೆ ಪ್ರಸ್ತಾವ ಅಲ್ಲಿಗೇ ಬಿದ್ದಂತೆ.

ಎಷ್ಟು ಮತ ಬೇಕೆಂಬುದು ಆಯಾ ರಾಜ್ಯದ ನಿಯಮ. ಕ್ಯಾಲಿಫೋರ್ನಿಯಾದಲ್ಲಿ ಮೂರರಲ್ಲಿ ಎರಡು ಪಾಲು ಮತ ಬೇಕಾಗಿತ್ತು. 2000ದ ನವೆಂಬರಿನಲ್ಲಿ ಅಲ್ಲಿನ ಮತದಾರರೇ ಅದನ್ನು ಶೇಕಡಾ 55ಕ್ಕೆ ಇಳಿಸಲು ಒಪ್ಪಿದರು. ಆದರೆ ಈ ರಿಯಾಯಿತಿಗೆ ಷರತ್ತುಗಳಿವೆ. ಕಾಮಗಾರಿಗಳ ಪಟ್ಟಿಯನ್ನು ಮೊದಲೇ ಪ್ರಕಟಿಸಬೇಕು, ಹಣವನ್ನು ಸಂಬಳಕ್ಕೆ ಬಳಸಕೂಡದು, ಪ್ರತಿವರ್ಷ ಲೆಕ್ಕಪರಿಶೋಧನೆ ಆಗಬೇಕು, ಊರಿನವರ ಒಂದು ಮೇಲ್ವಿಚಾರಣಾ ಸಮಿತಿ ಇರಬೇಕು.

ಸಾಲ ಮಾಡಿ ಶಾಲೆ ಕಟ್ಟುವುದು ಜಾಣತನವೇ? ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಲೆಕ್ಕಕ್ಕಾಗಿ ಮಾತ್ರ. ಒಂದು ಕೋಣೆಗೆ 15 ಲಕ್ಷ ರೂಪಾಯಿಯಂತೆ ಹತ್ತು ಕೋಣೆಗಳಿಗೆ ಒಂದೂವರೆ ಕೋಟಿ. ಶೇಕಡಾ 7ರ ಬಡ್ಡಿಯಲ್ಲಿ 20 ವರ್ಷಗಳ ಸಮ ಕಂತುಗಳೆಂದರೆ ವರ್ಷಕ್ಕೆ ಸುಮಾರು 14 ಲಕ್ಷ 16 ಸಾವಿರ. ಊರಿನಲ್ಲಿ ಐದು ಸಾವಿರ ಮನೆಗಳಿದ್ದರೆ ಮನೆಗೆ ವರ್ಷಕ್ಕೆ ಸರಾಸರಿ 283 ರೂಪಾಯಿ. ಒಟ್ಟು ತೀರಿಸುವುದು ಸುಮಾರು 2 ಕೋಟಿ 83 ಲಕ್ಷ. ಅಂದರೆ ಬಡ್ಡಿಯೇ ಒಂದು ಕೋಟಿ 33 ಲಕ್ಷ! ಇದನ್ನು ಕಂಡು ಹೌಹಾರುವವರೇ ಹೆಚ್ಚು. ಆದರೆ ಸಾಲ ಬೇಡವೆಂದು ಅದೇ 14 ಲಕ್ಷವನ್ನು ವರ್ಷವರ್ಷ ಕೂಡಿಸಿ ಕಟ್ಟಿದರೆ ವರ್ಷಕ್ಕೆ ಒಂದು ಕೋಣೆಯೂ ಪೂರ್ತಿ ಆಗುವುದಿಲ್ಲ. ಅಷ್ಟರಲ್ಲಿ ಸಿಮೆಂಟು, ಕಬ್ಬಿಣದ ಬೆಲೆಯೂ ಏರುತ್ತಿರುತ್ತದೆ. ಹತ್ತನೆಯ ಕೋಣೆ ಏಳುವ ಹೊತ್ತಿಗೆ ಹತ್ತು ವರ್ಷ ದಾಟಿರುತ್ತದೆ. ಈ ವರ್ಷ ಒಂದನೆಯ ತರಗತಿಗೆ ಸೇರಿದ ಮಗು ಆ ಹೊತ್ತಿಗೆ ಏಳನೆಯ ತರಗತಿ ಮುಗಿಸಿ ಶಾಲೆ ಬಿಟ್ಟು ಹೋಗಿರುತ್ತದೆ. ಸಾಲದಿಂದ ನಾವು ಕೊಳ್ಳುವುದು ಈ ಕಾಲವನ್ನು. ಇನ್ನೊಂದು ನ್ಯಾಯವೂ ಇದರಲ್ಲಿದೆ: ಕಟ್ಟಡ ನಲವತ್ತು ವರ್ಷ ಬಾಳುವಾಗ ಇಂದಿನ ಮನೆಗಳೇ ಅದರ ಪೂರ್ತಿ ಭಾರ ಹೊರಬೇಕಿಲ್ಲ, ಮುಂದೆ ಅದನ್ನು ಬಳಸುವವರೂ ಪಾಲು ಹೊರಲಿ.

ಹಾಗಾದರೆ ಗೋಕಾಕದಲ್ಲಿ ಇಂಥ ಮತದಾನ ಏಕಿಲ್ಲ? ಇಲ್ಲಿ ಸರ್ಕಾರಿ ಶಾಲೆಯ ಕಟ್ಟಡಕ್ಕಾಗಿ ತೆರಿಗೆ ಹಾಕಿ ಸಾಲ ಎತ್ತುವ ಸ್ಥಳೀಯ ಸಂಸ್ಥೆಯೇ ಇಲ್ಲ. ಮೂರೂ ತಾಲ್ಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಹೆಸರಿನಲ್ಲಿ 'ಜಿಲ್ಲೆ' ಇದ್ದರೂ ಅದು ಆಡಳಿತದ ವಿಭಾಗ. ಅದಕ್ಕೆ ಮತದಾರರೂ ಇಲ್ಲ, ತೆರಿಗೆಯೂ ಇಲ್ಲ. ಗ್ರಾಮ ಪಂಚಾಯಿತಿಗೆ ಮನೆ ತೆರಿಗೆ, ನಮ್ಮ ಕಡೆಯ ಮಾತಿನಲ್ಲಿ ಘರಪಟ್ಟಿ, ಇದೆ. ಅದು ನೀರು, ಬೀದಿದೀಪಗಳಿಗೇ ಸಾಲದು. ನಗರಸಭೆ, ಪುರಸಭೆಗಳು ಸಾಲ ಮಾಡಬೇಕಾದರೂ 1914ರ ಸ್ಥಳೀಯ ಪ್ರಾಧಿಕಾರಗಳ ಸಾಲ ಕಾಯ್ದೆಯ ಕಾಲದಿಂದ ಸರ್ಕಾರದ ಅಪ್ಪಣೆ ಬೇಕು. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿಯ ಬಾಂಡುಗಳನ್ನು ಹೊರಡಿಸಿತು. ದೇಶದಲ್ಲಿ ಪಾಲಿಕೆಯೊಂದು ಹೊರಡಿಸಿದ ಮೊದಲ ಬಾಂಡು ಅದು. ಅಲ್ಲಿಯೂ ಮತದಾರರನ್ನು ಕೇಳುವ ಪ್ರಶ್ನೆ ಬರಲಿಲ್ಲ.

ಹಾಗೆಂದು ಶಾಲೆಗಾಗಿ ಸ್ಥಳೀಯ ಕರ ಎಂಬುದು ಈ ನೆಲಕ್ಕೆ ಹೊಸತಲ್ಲ. ಬೆಳಗಾವಿ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, 1860ರ ದಶಕದಲ್ಲಿ, ಭೂಕಂದಾಯದ ಪ್ರತಿ ರೂಪಾಯಿಗೆ ಒಂದಾಣೆಯಂತೆ 'ಲೋಕಲ್ ಫಂಡ್' ಕರ ಜಾರಿಗೆ ಬಂತು. 1869ರ ಕಾಯ್ದೆ ಅದಕ್ಕೆ ಕಾನೂನಿನ ಬಲ ಕೊಟ್ಟಿತು. ಆ ಹಣದಲ್ಲಿ ಮೂರರಲ್ಲಿ ಎರಡು ಪಾಲು ರಸ್ತೆಗೆ, ಉಳಿದ ಒಂದು ಪಾಲು ಶಾಲೆಗೆ ಎಂದು ತೆಗೆದಿಡುತ್ತಿದ್ದರು. ಗೋಕಾಕ ತಾಲ್ಲೂಕಿನ ರೈತನೂ, ಆಗ ಚಿಕ್ಕೋಡಿ ತಾಲ್ಲೂಕಿನೊಳಗಿದ್ದ ಹುಕ್ಕೇರಿಯ ರೈತನೂ ಕಂದಾಯದ ಜೊತೆ ಇದನ್ನು ಕಟ್ಟಿದವರೇ. ಅವರನ್ನು ಯಾರೂ ಕೇಳಿರಲಿಲ್ಲ, ಅದು ಬ್ರಿಟಿಷರ ಆಳ್ವಿಕೆ. ಆದರೂ ತಾನು ಕೊಟ್ಟ ಆಣೆಯಲ್ಲಿ ಒಂದು ಪಾಲು ಶಾಲೆಗೆ ಹೋಗುತ್ತದೆ ಎಂಬ ಲೆಕ್ಕ ಸ್ಪಷ್ಟವಾಗಿತ್ತು. 2004ರಲ್ಲಿ ಕೇಂದ್ರ ಸರ್ಕಾರ ತನ್ನ ತೆರಿಗೆಗಳ ಮೇಲೆ ಶೇಕಡಾ 2ರ ಶಿಕ್ಷಣ ಕರ ಹಾಕಿತು. 2018ರಿಂದ ಆದಾಯ ತೆರಿಗೆಯ ಮೇಲೆ ಶೇಕಡಾ 4ರ ಆರೋಗ್ಯ ಮತ್ತು ಶಿಕ್ಷಣ ಕರ ಇದೆ. ಅದು ಎಲ್ಲಿ ಸೇರಿ ಯಾವ ಊರಿನ ಯಾವ ಗೋಡೆಯಾಯಿತು ಎಂದು ಕಟ್ಟಿದವನು ಹೇಳಲಾರ.

ಈಗ ಇಲ್ಲಿ ನಡೆಯುವುದನ್ನು ನೋಡೋಣ. ನಾವೂ ಸಾಲ ಮಾಡುತ್ತೇವೆ, ಆದರೆ ರಾಜ್ಯದ ಹೆಸರಿನಲ್ಲಿ. ಕರ್ನಾಟಕ ಸರ್ಕಾರವು ರಿಸರ್ವ್ ಬ್ಯಾಂಕಿನ ಮೂಲಕ ತನ್ನ ಸಾಲಪತ್ರಗಳನ್ನು ಹರಾಜು ಹಾಕುತ್ತದೆ. ಬ್ಯಾಂಕುಗಳು, ಜೀವ ವಿಮಾ ನಿಗಮ, ಭವಿಷ್ಯ ನಿಧಿಗಳು ಇಂಥ ಪತ್ರಗಳನ್ನು ಕೊಳ್ಳುತ್ತವೆ. (ನಿಮ್ಮ ಮನೆಯವರ ವಿಮೆಯ ಕಂತೂ ಇಂಥ ಪತ್ರವೊಂದರಲ್ಲಿ ಇರಬಹುದು.) ಈ ಸಾಲಕ್ಕೆ ಮಿತಿಯಿದೆ: ಸಂವಿಧಾನದ 293ನೆಯ ವಿಧಿ ಒಂದು, 2002ರ ಕರ್ನಾಟಕ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಇನ್ನೊಂದು. ಒಪ್ಪಿಗೆಯ ಮತ ಬೀಳುವುದು ವಿಧಾನಸಭೆಯಲ್ಲಿ, ಆಯವ್ಯಯದ ಬೇಡಿಕೆಗಳನ್ನು ಅಂಗೀಕರಿಸುವಾಗ. ಮೂಡಲಗಿಯ ಮತದಾರರ ಪರವಾಗಿ ಅರಭಾವಿ ಕ್ಷೇತ್ರದ ಶಾಸಕರು, ಗೋಕಾಕ, ಹುಕ್ಕೇರಿ, ಯಮಕನಮರಡಿ ಕ್ಷೇತ್ರಗಳವರ ಪರವಾಗಿ ಅವರವರ ಶಾಸಕರು ಅಲ್ಲಿ ಕೈ ಎತ್ತುತ್ತಾರೆ. ನಾವು ಐದು ವರ್ಷಕ್ಕೊಮ್ಮೆ ಹಾಕುವ ಒಂದೇ ಮತದಲ್ಲಿ ರಸ್ತೆ, ನೀರಾವರಿ, ಆಸ್ಪತ್ರೆಗಳ ಜೊತೆ ಶಾಲೆಯ ಕೋಣೆಯೂ ಅಡಗಿರುತ್ತದೆ.

ಶಾಲಾ ಕೋಣೆಗೆ ಇನ್ನೂ ಹತ್ತಿರದ ಸಾಲವೆಂದರೆ ನಬಾರ್ಡಿನ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಧಿ. 1995-96ರಲ್ಲಿ 2,000 ಕೋಟಿ ರೂಪಾಯಿಯಿಂದ ಇದು ಆರಂಭವಾಯಿತು. ಕೃಷಿ ಮೊದಲಾದ ಆದ್ಯತಾ ವಲಯಕ್ಕೆ ಕೊಡಬೇಕಾದಷ್ಟು ಸಾಲ ಕೊಡದ ಬ್ಯಾಂಕುಗಳು ಆ ಕೊರತೆಯ ಹಣವನ್ನು ನಬಾರ್ಡಿನಲ್ಲಿ ಇಡಬೇಕು. ನಬಾರ್ಡ್ ಅದನ್ನು ರಾಜ್ಯಗಳಿಗೆ ಸಾಲ ಕೊಡುತ್ತದೆ. ಮೊದಲೆರಡು ವರ್ಷ ಬಿಡುವು ಸೇರಿ ಏಳು ವರ್ಷಗಳಲ್ಲಿ ತೀರಿಸಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಸೇತುವೆ, ರಸ್ತೆಗಳ ಜೊತೆಗೆ ಶಾಲಾ ಕೋಣೆಗಳೂ ಈ ನಿಧಿಯಿಂದ ಎದ್ದಿವೆ. ಇದಲ್ಲದೆ ಕೇಂದ್ರ, ರಾಜ್ಯಗಳು 60:40ರಂತೆ ಹಣ ಹೂಡುವ ಸಮಗ್ರ ಶಿಕ್ಷಣ ಯೋಜನೆ, 2022ರಲ್ಲಿ ರಾಜ್ಯವು ಏಳು ಸಾವಿರಕ್ಕೂ ಹೆಚ್ಚು ಕೋಣೆಗಳಿಗಾಗಿ ಕೈಗೊಂಡ 'ವಿವೇಕ' ಯೋಜನೆ, ಶಾಸಕರ ಪ್ರದೇಶಾಭಿವೃದ್ಧಿ ನಿಧಿ ಹೀಗೆ ಹಣದ ಕಾಲುವೆಗಳು ಹಲವು. ಕೊನೆಗೆ ಊರವರೇ ಪಟ್ಟಿ ಹಾಕಿ ಕೂಡಿಸುವ ವಂತಿಗೆಯೂ ಇದ್ದೇ ಇದೆ.

ಊರಿನವರೇ ಕೂಡಿ ಸಾಲ ಎತ್ತಿ, ತಾವೇ ತೀರಿಸುವ ಪದ್ಧತಿ ಈ ಭಾಗದಲ್ಲಿ ನಡೆಯುವುದೇ ಇಲ್ಲವೇ? ನಡೆದಿದೆ, ಅದೂ ಹುಕ್ಕೇರಿಯಲ್ಲಿ. 1969ರಲ್ಲಿ ಅಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಸ್ಥಾಪನೆಯಾಯಿತು. ದೇಶದಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಐದು ಸಂಘಗಳಲ್ಲಿ ಅದು ಒಂದು. ಉಳಿದವು ಆಗಿನ ಆಂಧ್ರದ ಸಿರಿಸಿಲ್ಲಾ, ಮಹಾರಾಷ್ಟ್ರದ ಮುಳಾ-ಪ್ರವರಾ, ಗುಜರಾತಿನ ಕೋಡಿನಾರ್, ಉತ್ತರ ಪ್ರದೇಶದ ಲಖನೌ. ಇವುಗಳ ಹಿಂದೆ ಅಮೆರಿಕದ ಗ್ರಾಮೀಣ ವಿದ್ಯುತ್ ಸಹಕಾರಿಗಳ ಮಾದರಿಯೇ ಇತ್ತು. ಸದಸ್ಯರ ಷೇರು, ಸದಸ್ಯರೇ ಆರಿಸಿದ ಆಡಳಿತ ಮಂಡಲಿ, ಗ್ರಾಮೀಣ ವಿದ್ಯುದೀಕರಣ ನಿಗಮದಿಂದ ಸಾಲ, ಬಿಲ್ಲಿನ ಹಣದಿಂದ ಮರುಪಾವತಿ. ಕಬ್ಬಿನ ಬಿಲ್ಲಿನಲ್ಲಿ ಸಂಘದ ಸಾಲ ಮುರಿದುಕೊಳ್ಳುವುದನ್ನು ಕಂಡ ರೈತರಿಗೆ ಇದರ ತತ್ವ ಬಿಡಿಸಿ ಹೇಳಬೇಕಿಲ್ಲ. ಆದರೆ ವಿದ್ಯುತ್ತಿಗೆ ಬಿಲ್ಲು ಬರುತ್ತದೆ, ಸರ್ಕಾರಿ ಶಾಲೆಯಲ್ಲಿ ಬಿಲ್ಲು ಇಲ್ಲ, ಇರಲೂಕೂಡದು. ಆದ್ದರಿಂದ ಶಾಲೆಯ ಸಾಲ ತೀರಬೇಕಾದರೆ ತೆರಿಗೆಯೊಂದೇ ದಾರಿ.

ಆ ದಾರಿಯ ದೊಡ್ಡ ಕುಂದು ಅಮೆರಿಕದಲ್ಲಿಯೇ ಬಯಲಾಯಿತು. ಕ್ಯಾಲಿಫೋರ್ನಿಯಾದಲ್ಲಿ ಬೆವರ್ಲಿ ಹಿಲ್ಸ್ ಶ್ರೀಮಂತರ ಊರು, ಬಾಲ್ಡ್ವಿನ್ ಪಾರ್ಕ್ ಸಾಮಾನ್ಯರ ಊರು. 1968-69ರಲ್ಲಿ ಬಾಲ್ಡ್ವಿನ್ ಪಾರ್ಕಿನವರು ಎರಡು ಪಟ್ಟಿಗಿಂತ ಹೆಚ್ಚಿನ ದರದಲ್ಲಿ ಶಾಲಾ ತೆರಿಗೆ ಕಟ್ಟಿದರೂ ಅಲ್ಲಿ ಒಬ್ಬ ವಿದ್ಯಾರ್ಥಿಗೆ ಖರ್ಚಾದದ್ದು 577 ಡಾಲರು. ಬೆವರ್ಲಿ ಹಿಲ್ಸ್‌ನಲ್ಲಿ 1,232 ಡಾಲರು. ಆಸ್ತಿಯ ಬೆಲೆಯೇ ಕಡಿಮೆ ಇರುವಲ್ಲಿ ದರ ಏರಿಸಿ ಏನು ಪ್ರಯೋಜನ? 1971ರಲ್ಲಿ ಸೆರಾನೋ ಮೊಕದ್ದಮೆಯಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು ಇಂಥ ವ್ಯವಸ್ಥೆ ಸಮಾನತೆಗೆ ವಿರುದ್ಧ ಎಂದು ಹೇಳಿತು. ಆ ಮೊಕದ್ದಮೆ ಶಾಲೆಯ ದಿನನಿತ್ಯದ ಖರ್ಚಿನದು. ಕಟ್ಟಡದ ಬಾಂಡಿಗೂ ಅದೇ ತರ್ಕ ಹೊಂದುತ್ತದೆ.

ಇದನ್ನು ನಮ್ಮ ಭಾಗಕ್ಕೆ ಇಟ್ಟು ನೋಡಿ. ಹಿಡಕಲ್ ಜಲಾಶಯದ ಕಾಲುವೆ ಹರಿದು ಕಬ್ಬು ಬೆಳೆಯುವ ಊರು ಬಾಂಡಿನ ಕಂತು ಕಟ್ಟೀತು. ಕಲ್ಲುಗುಡ್ಡದ ಬದಿಯ ಒಣಭೂಮಿಯ ಊರಿನ ಗತಿಯೇನು? ಗೋಕಾಕ, ಮೂಡಲಗಿ ಭಾಗದಲ್ಲಿ ಹೊಲಗಳ ನಡುವೆ ಚದುರಿದ ಮನೆಗಳ ಮಕ್ಕಳಿಗಾಗಿ ಇರುವ ತೋಟದ ಶಾಲೆಗಳನ್ನು ನೀವು ಕಂಡಿರುತ್ತೀರಿ. ಒಂದಿಷ್ಟೇ ಮನೆಗಳ ಆ ವಸತಿ ಎಷ್ಟು ಸಾಲ ಹೊತ್ತೀತು? 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಿಕ್ಷಕರಿಗೆ ಒಂದು ಕೋಣೆ, ಹುಡುಗ ಹುಡುಗಿಯರಿಗೆ ಬೇರೆ ಬೇರೆ ಶೌಚಾಲಯ ಇರಬೇಕೆನ್ನುವಾಗ ಊರು ಬಡದೋ ಶ್ರೀಮಂತವೋ ಎಂದು ಕೇಳುವುದಿಲ್ಲ. ಆದ್ದರಿಂದ ಸಾಲದ ಹೊರೆ ರಾಜ್ಯದ ಮೇಲೆಯೇ ಇರುವುದು ಸರಿ ಎಂದು ನನ್ನ ಅಭಿಪ್ರಾಯ.

ಆದರೆ ಆ ಬಾಂಡು ಪದ್ಧತಿಯ ಇನ್ನೊಂದು ಭಾಗವನ್ನು, ಅಂದರೆ ಮೊದಲೇ ಪ್ರಕಟವಾದ ಪಟ್ಟಿ ಮತ್ತು ಊರಿನವರ ಮೇಲ್ವಿಚಾರಣೆಯನ್ನು, ಬಾಂಡು ಇಲ್ಲದೆಯೂ ತಂದುಕೊಳ್ಳಬಹುದು. ಅದಕ್ಕೆ ಬೇಕಾದ ಸಂಸ್ಥೆಗಳು ಇಲ್ಲಿಯೂ ಇವೆ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಮಾತು ಬೇರೆ: 2016ರಲ್ಲಿ ಚುನಾಯಿತವಾದವುಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆದರೆ ಪೋಷಕರೇ ಹೆಚ್ಚಾಗಿರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ 2001ರಿಂದ ರಾಜ್ಯದ ಸರ್ಕಾರಿ ಶಾಲೆಗಳಲ್ಲಿದೆ. ಗ್ರಾಮಸಭೆ ಇದೆ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿದರೆ ಸಾಮಾನ್ಯವಾಗಿ ಮೂವತ್ತು ದಿನಗಳೊಳಗೆ ಉತ್ತರ ಕೊಡಬೇಕು. ಕೇಳಬೇಕಾದ ಕಾಗದಗಳು ಮೂರು: ಕಾಮಗಾರಿಯ ಅಂದಾಜು ಪತ್ರಿಕೆ, ಗುತ್ತಿಗೆದಾರನಿಗೆ ಕೊಟ್ಟ ಕಾರ್ಯಾದೇಶ, ಮತ್ತು ಇಂಜಿನಿಯರು ಬರೆದ ಅಳತೆ ಪುಸ್ತಕ. ಈ ಕೊನೆಯದರಲ್ಲಿ ತಳಪಾಯ, ಗೋಡೆ, ಛಾವಣಿ ಒಂದೊಂದರ ಉದ್ದ, ಅಗಲ, ಎತ್ತರ, ಅಳೆದ ದಿನಾಂಕ ಇರುತ್ತವೆ. ಹಣ ಪಾವತಿಯಾಗುವುದು ಆ ಅಳತೆಯ ಆಧಾರದ ಮೇಲೆ. ಘನಮೀಟರಿನ ಲೆಕ್ಕ ಬಲ್ಲ ಪ್ರೌಢಶಾಲೆಯ ವಿದ್ಯಾರ್ಥಿ ಅದನ್ನು ಓದಬಲ್ಲ, ಟೇಪು ಹಿಡಿದು ತನ್ನ ತರಗತಿಯ ಕೋಣೆಯನ್ನು ಅಳೆದು ತಾಳೆ ನೋಡಲೂ ಬಲ್ಲ.